ಮಾಜಿ ಪ್ರಧಾನಿ ಮತ್ತು ಆರೋಪಿಯ ಕಟಕಟೆ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸ್ನೇಹಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದು ನನಗೆ ಒಪ್ಪಿಸಿರುವ ವಿಷಯ ಪ್ರಶ್ನೆಯ ರೂಪದಲ್ಲಿದೆ. ಒಮ್ಮೆ ದೇಶವನ್ನಾಳಿದ ವ್ಯಕ್ತಿಯನ್ನು, ಅಧಿಕಾರ ಹೋದ ಮೇಲೆ, ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಯಾಗಿ ನಿಲ್ಲಿಸಬಹುದೇ? ಇದಕ್ಕೆ ನಮ್ಮ ಕಾನೂನು ಕೊಡುವ ಉತ್ತರ ಒಂದೇ ಶಬ್ದದ್ದು: ನಿಲ್ಲಿಸಬಹುದು. ಸ್ವತಂತ್ರ ಭಾರತದ ಅನುಭವ ಕೊಡುವ ಉತ್ತರ ಮಾತ್ರ ಅಷ್ಟು ಚಿಕ್ಕದಲ್ಲ. ಈ ಎರಡು ಉತ್ತರಗಳ ನಡುವಿನ ಅಂತರವೇ ನನ್ನ ಇಂದಿನ ಮಾತಿನ ವಸ್ತು.

ಈ ಸಭೆಯಲ್ಲಿ ಬೇರೆ ಬೇರೆ ಪಕ್ಷಗಳಿಗೆ ಒಲಿದವರಿದ್ದೀರಿ. ಎದುರು ಪಕ್ಷದ ನಾಯಕನಿಗೆ ಸಮನ್ಸ್ ಬಂದರೆ ನಾವು “ಕಾನೂನು ತನ್ನ ಕೆಲಸ ಮಾಡುತ್ತಿದೆ” ಎನ್ನುತ್ತೇವೆ; ನಮ್ಮ ಮೆಚ್ಚಿನ ನಾಯಕನಿಗೆ ಬಂದರೆ “ಇದು ಸೇಡಿನ ರಾಜಕಾರಣ” ಎನ್ನುತ್ತೇವೆ. ಎರಡು ಮಾತುಗಳೂ ಒಂದೊಂದು ಸಂದರ್ಭದಲ್ಲಿ ನಿಜವಾಗಿರಬಹುದು. ಯಾವುದು ಎಲ್ಲಿ ನಿಜ ಎಂದು ಅಳೆಯಲು ನಮ್ಮಲ್ಲಿ ಮಾನದಂಡವಿದೆಯೇ ಎಂಬುದೇ ಪ್ರಶ್ನೆ.

ಮೊದಲು ಕಾನೂನನ್ನು ನೋಡೋಣ. ಸಂವಿಧಾನದ 361ನೆಯ ವಿಧಿಯು ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ನೀಡಿದೆ. ಆ ರಕ್ಷಣೆ ಅಧಿಕಾರಾವಧಿಗೆ ಸೀಮಿತ. ಅವಧಿ ಮುಗಿದ ದಿನ ಅದೂ ಮುಗಿಯುತ್ತದೆ. ಪ್ರಧಾನಮಂತ್ರಿಗಾದರೋ ಅಷ್ಟೂ ಇಲ್ಲ. ಅಧಿಕಾರದಲ್ಲಿರುವಾಗಲೂ, ಅಧಿಕಾರದಿಂದ ಇಳಿದ ಮೇಲೂ, ಅವರು ದಂಡಸಂಹಿತೆಯ ಮುಂದೆ ಇತರ ಪ್ರಜೆಗಳಂತೆಯೇ ನಿಲ್ಲಬೇಕಾದವರು. 2013ರ ಲೋಕಪಾಲ ಕಾಯ್ದೆಯು “ಪ್ರಧಾನಿಯಾಗಿರುವ ಅಥವಾ ಆಗಿದ್ದ” ವ್ಯಕ್ತಿಯನ್ನು ತನ್ನ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸಿಕೊಂಡಿದೆ. ಆದರೆ ವಿದೇಶಾಂಗ ಸಂಬಂಧ, ಆಂತರಿಕ ಮತ್ತು ಬಾಹ್ಯ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಪರಮಾಣು ಶಕ್ತಿ, ಬಾಹ್ಯಾಕಾಶ ಈ ವಿಷಯಗಳನ್ನು ಹೊರಗಿಟ್ಟಿದೆ. ಉಳಿದ ವಿಷಯಗಳಲ್ಲಿ ವಿಚಾರಣೆ ಆರಂಭಿಸಲು ಪೂರ್ಣಪೀಠದ ಮೂರನೆಯ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕೆಂದು ವಿಧಿಸಿದೆ.

ಇನ್ನೊಂದು ಬಾಗಿಲೂ ಇದೆ, ಅದಕ್ಕೆ ಬೀಗವೂ ಇದೆ. ಅಧಿಕೃತ ಕರ್ತವ್ಯದ ನಿರ್ವಹಣೆಯಲ್ಲಿ ನಡೆದ ಕೃತ್ಯಕ್ಕಾಗಿ ಸಾರ್ವಜನಿಕ ಸೇವಕರ ಮೇಲೆ ಮೊಕದ್ದಮೆ ಹೂಡಬೇಕಾದರೆ ಪೂರ್ವಾನುಮತಿ ಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಈ ರಕ್ಷಣೆ ಹಿಂದೆ ಹುದ್ದೆಯಲ್ಲಿ ಇರುವವರಿಗೆ ಮಾತ್ರವಿತ್ತು. 2018ರ ತಿದ್ದುಪಡಿ ಅದನ್ನು ಹುದ್ದೆಯಿಂದ ಇಳಿದವರಿಗೂ ವಿಸ್ತರಿಸಿತು. ಅದೇ ತಿದ್ದುಪಡಿಯಲ್ಲಿ ಬಂದ 17ಎ ಕಲಮು, ಅಧಿಕಾರದಲ್ಲಿ ಕೈಗೊಂಡ ನಿರ್ಧಾರಗಳ ಬಗ್ಗೆ ತನಿಖೆ ಆರಂಭಿಸುವುದಕ್ಕೇ ಪೂರ್ವಾನುಮೋದನೆ ಬೇಕೆಂದು ಹೇಳಿತು. ಪ್ರಾಮಾಣಿಕ ಅಧಿಕಾರಿಗಳನ್ನು ಕ್ಷುಲ್ಲಕ ದೂರುಗಳಿಂದ ಕಾಪಾಡುವುದು ಇಂಥ ನಿಯಮಗಳ ಉದ್ದೇಶ. ಫಲವೊಂದನ್ನು ಮಾತ್ರ ಗಮನಿಸಿ: ಮಾಜಿ ನಾಯಕನ ವಿಷಯದಲ್ಲಿ ಬೀಗದ ಕೈ ಈಗಿನ ಸರ್ಕಾರದ ಬಳಿ ಉಳಿಯುತ್ತದೆ. ಈಗಿನ ಸರ್ಕಾರ ಆತನ ಮಿತ್ರನಾದರೆ ಬಾಗಿಲು ತೆರೆಯುವುದಿಲ್ಲ; ಶತ್ರುವಾದರೆ ತೆರೆದದ್ದರ ಮೇಲೆ ಜನರಿಗೆ ನಂಬಿಕೆ ಹುಟ್ಟುವುದಿಲ್ಲ.

ಇದಕ್ಕಿಂತ ದೊಡ್ಡ ಬೀಗವೊಂದನ್ನು ಸಂವಿಧಾನಕ್ಕೇ ಜಡಿಯುವ ಪ್ರಯತ್ನ ನಡೆದದ್ದನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ತುರ್ತುಪರಿಸ್ಥಿತಿಯ ಆರಂಭದ ದಿನಗಳಲ್ಲಿ, 1975ರ ಆಗಸ್ಟ್ 9ರ ಶನಿವಾರ, ರಾಜ್ಯಸಭೆಯಲ್ಲಿ ಸಂವಿಧಾನದ 41ನೆಯ ತಿದ್ದುಪಡಿ ಮಸೂದೆ ಮಂಡನೆಯಾಯಿತು. ರಾಷ್ಟ್ರಪತಿ, ಪ್ರಧಾನಿ ಅಥವಾ ರಾಜ್ಯಪಾಲರಾಗಿರುವ, ಇಲ್ಲವೇ ಆಗಿದ್ದ ಯಾರ ಮೇಲೂ, ಅವರು ಅಧಿಕಾರಕ್ಕೆ ಬರುವ ಮೊದಲು ಅಥವಾ ಅಧಿಕಾರದಲ್ಲಿದ್ದಾಗ ಎಸಗಿದ ಕೃತ್ಯಗಳಿಗಾಗಿ, ಎಂದೆಂದಿಗೂ ಕ್ರಿಮಿನಲ್ ಮೊಕದ್ದಮೆ ಹೂಡಲಾಗದು ಎಂಬುದು ಅದರ ಸಾರ. ರಾಜ್ಯಸಭೆ ಅದನ್ನು ಅಂಗೀಕರಿಸಿತು. ಪುಣ್ಯವಶಾತ್ ಅದು ಲೋಕಸಭೆಯ ಮುಂದೆ ಬರಲೇ ಇಲ್ಲ. ಬಂದು ಅಂಗೀಕಾರವಾಗಿದ್ದರೆ ಇಂದಿನ ನಮ್ಮ ಪ್ರಶ್ನೆಗೆ “ಇಲ್ಲ” ಎಂಬುದೇ ಸಂವಿಧಾನದ ಉತ್ತರವಾಗಿರುತ್ತಿತ್ತು. ಒಂದು ದಿನ ಪ್ರಧಾನಿಯಾಗಿದ್ದವನೂ ಆಜೀವ ದಂಡಾತೀತನಾಗುತ್ತಿದ್ದ.

ತುರ್ತುಪರಿಸ್ಥಿತಿ 1977ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ವಿಚಾರಣೆಯಿಲ್ಲದೆ ಸೆರೆಯಾದವರೂ ಸೇರಿ ಬಂಧಿತರ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತೆಂದು ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ದಾಖಲಿಸಿತು. ಬೆಂಗಳೂರಿನ ಸೆರೆಮನೆಯಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಹೊರಬಂದು, ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡಿದ್ದರು. ಜನರ ಮನಸ್ಸಿನಲ್ಲಿದ್ದ ಲೆಕ್ಕ ಇದು. ಆದರೆ 1977ರ ಅಕ್ಟೋಬರ್ 3ರಂದು ಸಿಬಿಐ ಇಂದಿರಾ ಗಾಂಧಿಯವರನ್ನು ಬಂಧಿಸಿದ್ದು ಯಾವ ಆರೋಪಗಳ ಮೇಲೆ? ಚುನಾವಣಾ ಪ್ರಚಾರಕ್ಕೆ ಜೀಪುಗಳನ್ನು ಪಡೆದದ್ದು ಮತ್ತು ತೈಲ ಶೋಧನೆಯ ಗುತ್ತಿಗೆಯೊಂದರಲ್ಲಿ ಫ್ರೆಂಚ್ ಕಂಪನಿಗೆ ಅನುಕೂಲ ಮಾಡಿದ್ದು. ಮರುದಿನ ಮ್ಯಾಜಿಸ್ಟ್ರೇಟರು, ಬಂಧನಕ್ಕೆ ತಕ್ಕ ಆಧಾರ ಕಾಣದೆ, ಅವರನ್ನು ಬಿಡುಗಡೆ ಮಾಡಿದರು. ಒಂದು ಲಕ್ಷ ಜನರ ಸೆರೆವಾಸದ ಪ್ರಶ್ನೆ ಜೀಪುಗಳ ಲೆಕ್ಕದಲ್ಲಿ ಕರಗಿಹೋಯಿತು. ಅವಸರದ ಬಂಧನ ಆರೋಪಿಯನ್ನು ಒಂದೇ ರಾತ್ರಿಯಲ್ಲಿ ಸಂತ್ರಸ್ತೆಯನ್ನಾಗಿಸಿತು.

ಮುಂದಿನ ಅಧ್ಯಾಯ ಕರ್ನಾಟಕದ್ದು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನದಲ್ಲಿ ಇಂದಿರಾ ಸ್ಪರ್ಧಿಸಿ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಕಾಫಿ ಸೀಮೆಯ ಮತದಾರರು ಕೊಟ್ಟ ಈ ತೀರ್ಪನ್ನು ಅನೇಕರು “ಜನತಾ ನ್ಯಾಯಾಲಯದ ಖುಲಾಸೆ” ಎಂದು ಬಣ್ಣಿಸಿದರು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಮತಪೆಟ್ಟಿಗೆಯು ಯಾರು ಪ್ರತಿನಿಧಿಯಾಗಬೇಕೆಂದು ಹೇಳಬಲ್ಲದು. ಯಾರು ಅಪರಾಧ ಮಾಡಿದರು, ಯಾರು ಮಾಡಲಿಲ್ಲ ಎಂದು ಅದು ಹೇಳಲಾರದು. ಗೆಲುವು ಅಪರಾಧವನ್ನು ತೊಳೆಯುವ ತೀರ್ಥವಲ್ಲ. ಸೋಲು ಅಪರಾಧಕ್ಕೆ ಸಾಕ್ಷಿಯೂ ಅಲ್ಲ.

ಆ ಗೆಲುವಿನ ಮರುತಿಂಗಳೇ ಲೋಕಸಭೆ ತಾನೇ ನ್ಯಾಯಾಲಯವಾಯಿತು. ಮಾರುತಿ ಸಂಸ್ಥೆಯ ಬಗ್ಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿ ಸದನದ ಹಕ್ಕುಚ್ಯುತಿ ಮಾಡಿದರೆಂದು, 1978ರ ಡಿಸೆಂಬರ್ 19ರಂದು ಅವರನ್ನು ಸದನದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಗೆ ಕಳುಹಿಸುವ ನಿರ್ಣಯ ಕೈಗೊಂಡಿತು. ತಿಹಾರದಲ್ಲಿ ಒಂದು ವಾರ ಕಳೆದು ಅವರು ಹೊರಬಂದರು. 1981ರಲ್ಲಿ ಅವರದೇ ಬಹುಮತವಿದ್ದ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಬಹುಮತದಿಂದ ಕೊಟ್ಟ ಶಿಕ್ಷೆಯನ್ನು ಇನ್ನೊಂದು ಬಹುಮತ ಅಳಿಸಿತು. ರಾಜಕೀಯ ಎದುರಾಳಿಗಳೇ ನ್ಯಾಯಾಧೀಶರಾದಾಗ ತೀರ್ಪಿನ ಆಯುಷ್ಯ ಮುಂದಿನ ಚುನಾವಣೆಯವರೆಗೆ ಮಾತ್ರ.

ಇದಕ್ಕಿಂತ ಗಂಭೀರವಾದ ಪ್ರಯತ್ನವೂ ಆಗಲೇ ನಡೆಯಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ತುರ್ತುಪರಿಸ್ಥಿತಿಯ ಅಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸುವ ಮಸೂದೆಯ ಬಗ್ಗೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಲಾಯಿತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರ ನೇತೃತ್ವದ ಏಳು ನ್ಯಾಯಮೂರ್ತಿಗಳ ಪೀಠ 1978ರ ಡಿಸೆಂಬರ್ 1ರಂದು ಅಭಿಪ್ರಾಯ ನೀಡಿತು. ಉನ್ನತ ಅಧಿಕಾರ ಹಿಡಿದವರ ಅಪರಾಧಗಳನ್ನು ತ್ವರಿತವಾಗಿ ವಿಚಾರಿಸಲು ಪ್ರತ್ಯೇಕ ವ್ಯವಸ್ಥೆ ಮಾಡಬಹುದು, ಆದರೆ ಸರ್ಕಾರ ತನಗೆ ಬೇಕಾದ ನಿವೃತ್ತ ನ್ಯಾಯಾಧೀಶರನ್ನು ಆರಿಸಿಕೊಳ್ಳುವಂತಿರಬಾರದು, ಮೊಕದ್ದಮೆಯ ವರ್ಗಾವಣೆಗೆ ಅವಕಾಶವಿರಬೇಕು ಎಂಬುದು ಅದರ ಮುಖ್ಯಾಂಶ. 1979ರಲ್ಲಿ ಕಾಯ್ದೆಯಾಯಿತು. ಆ ವೇಳೆಗೆ ಜನತಾ ಸರ್ಕಾರವೇ ಒಳಜಗಳದಿಂದ ಕುಸಿಯುತ್ತಿತ್ತು. 1980ರ ಜನವರಿಯಲ್ಲಿ ಇಂದಿರಾ ಮರಳಿ ಅಧಿಕಾರಕ್ಕೆ ಬಂದರು, ಮೊಕದ್ದಮೆಗಳು ನೆಲಕಚ್ಚಿದವು. ಸರಿಯಾದ ಮಾರ್ಗ ಕಂಡಾಗ ಕಾಲ ಮೀರಿತ್ತು.

ಎರಡನೆಯ ಪ್ರಸಂಗ ಪಿ.ವಿ. ನರಸಿಂಹರಾಯರದು. ನಮ್ಮ ದೇಶದಲ್ಲಿ ವಿಚಾರಣಾ ನ್ಯಾಯಾಲಯವೊಂದು ಕ್ರಿಮಿನಲ್ ಅಪರಾಧಕ್ಕಾಗಿ ಶಿಕ್ಷೆ ವಿಧಿಸಿದ ಮಾಜಿ ಪ್ರಧಾನಿ ಅವರು. 1993ರ ಜುಲೈ 28ರಂದು ಅವರ ಅಲ್ಪಸಂಖ್ಯಾತ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಪರವಾಗಿ 251, ವಿರುದ್ಧವಾಗಿ 265 ಮತಗಳು ಬಂದವು. ಜಾರ್ಖಂಡ್ ಮುಕ್ತಿ ಮೋರ್ಚಾದ ಸದಸ್ಯರಿಗೂ ಮತ್ತಿತರರಿಗೂ ಲಂಚ ಕೊಟ್ಟು ಸರ್ಕಾರ ಉಳಿಸಿಕೊಳ್ಳಲಾಯಿತೆಂಬುದು ಆರೋಪ. ಪ್ರಕರಣ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಹೋಯಿತು. ಕನ್ನಡಿಗರಾದ ಎಸ್. ರಾಜೇಂದ್ರಬಾಬು ಅವರೂ ಇದ್ದ ಆ ಪೀಠ 1998ರ ಏಪ್ರಿಲ್ 17ರಂದು, ಮೂವರ ಬಹುಮತದಿಂದ, ವಿಚಿತ್ರ ಪರಿಣಾಮದ ತೀರ್ಪು ನೀಡಿತು. ಸಂಸತ್ತಿನಲ್ಲಿ ಹಾಕಿದ ಮತಕ್ಕಾಗಿ ಸದಸ್ಯರ ಮೇಲೆ ಯಾವ ನ್ಯಾಯಾಲಯದಲ್ಲೂ ಕ್ರಮ ಕೂಡದೆಂದು 105ನೆಯ ವಿಧಿ ಹೇಳುತ್ತದೆ. ಆದ್ದರಿಂದ ಲಂಚ ಪಡೆದು ಮತ ಹಾಕಿದರೆಂಬ ಆರೋಪ ಹೊತ್ತ ಸದಸ್ಯರಿಗೆ ರಕ್ಷಣೆಯುಂಟು, ಪಡೆದೂ ಮತ ಹಾಕದವನಿಗೆ ಇಲ್ಲ, ಕೊಟ್ಟವರಿಗೂ ಇಲ್ಲ. ಹೀಗೆ ಕೊಟ್ಟವರೆಂಬ ಆರೋಪ ಹೊತ್ತ ಮಾಜಿ ಪ್ರಧಾನಿ ವಿಚಾರಣೆ ಎದುರಿಸಬೇಕಾಯಿತು.

2000ದ ಸೆಪ್ಟೆಂಬರ್ 29ರಂದು ವಿಶೇಷ ನ್ಯಾಯಾಧೀಶ ಅಜಿತ್ ಭರಿಹೋಕೆ ಅವರು ನರಸಿಂಹರಾವ್ ಮತ್ತು ಬೂಟಾ ಸಿಂಗ್ ಇಬ್ಬರನ್ನೂ ದೋಷಿಗಳೆಂದು ಘೋಷಿಸಿದರು. ಮುಂದಿನ ತಿಂಗಳು ಮೂರು ವರ್ಷಗಳ ಕಠಿಣ ಶಿಕ್ಷೆ ವಿಧಿಸಿದರು. 2002ರ ಮಾರ್ಚ್ 15ರಂದು ದೆಹಲಿ ಹೈಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಇಬ್ಬರನ್ನೂ ಖುಲಾಸೆಗೊಳಿಸಿತು. ಮಾಫಿ ಸಾಕ್ಷಿಯಾದ ಸದಸ್ಯನ ಹೇಳಿಕೆ ನಂಬಲರ್ಹವಲ್ಲ ಎಂಬುದು ಮುಖ್ಯ ಕಾರಣ. ಲಖುಭಾಯಿ ಪಾಠಕ್ ವಂಚನೆ ಪ್ರಕರಣದಲ್ಲಿ 2003ರ ಡಿಸೆಂಬರ್‌ನಲ್ಲಿ ಖುಲಾಸೆ ದೊರೆಯಿತು. 2004ರ ಡಿಸೆಂಬರ್ 23ರಂದು ಅವರು ನಿಧನರಾದರು. ಈ ಕಥೆಯಿಂದ ಎರಡು ಪಾಠ ಕಲಿಯಬಹುದು. ಮಾಜಿ ಪ್ರಧಾನಿಯೂ ಕಟಕಟೆಯಲ್ಲಿ ನಿಲ್ಲಬಲ್ಲರು, ಅದರಿಂದ ದೇಶ ಅಲ್ಲಾಡುವುದಿಲ್ಲ ಎಂಬುದು ಮೊದಲನೆಯದು. ಕೆಳಗಿನ ಕೋರ್ಟು ದೋಷಿಯೆಂದದ್ದನ್ನು ಮೇಲಿನ ಕೋರ್ಟು ಅಲ್ಲವೆನ್ನಬಹುದು, ಆದ್ದರಿಂದ ಅಂತಿಮ ತೀರ್ಪಿನವರೆಗೆ ನಾವು ನಾಲಿಗೆ ಹಿಡಿಯಬೇಕು ಎಂಬುದು ಎರಡನೆಯದು.

1998ರ ತೀರ್ಪಿನ ತಪ್ಪನ್ನು ಸರಿಪಡಿಸಲು ಸುಮಾರು 26 ವರ್ಷ ಬೇಕಾಯಿತು. 2024ರ ಮಾರ್ಚ್ 4ರಂದು, ಸೀತಾ ಸೊರೇನ್ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರ ನೇತೃತ್ವದ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಒಮ್ಮತದಿಂದ ರದ್ದುಪಡಿಸಿತು. ಲಂಚ ಪಡೆದ ಕ್ಷಣದಲ್ಲೇ ಅಪರಾಧ ಪೂರ್ಣವಾಗುತ್ತದೆ; ಆಮೇಲೆ ಮತ ಹಾಕಿದರೋ ಬಿಟ್ಟರೋ ಎಂಬುದು ಅಪ್ರಸ್ತುತ ಎಂದಿತು. 1978ರಲ್ಲಿ ವಿಶೇಷ ನ್ಯಾಯಾಲಯಗಳ ಬಗ್ಗೆ ಅಭಿಪ್ರಾಯ ನೀಡಿದ ನ್ಯಾಯಮೂರ್ತಿಯ ಮಗನೇ ಇವರು. ಒಂದೇ ಪ್ರಶ್ನೆಯ ಎರಡು ಮುಖಗಳಿಗೆ ಉತ್ತರ ಹುಡುಕಲು ಎರಡು ತಲೆಮಾರು ಸಂದಿತು.

ಈ ನಡುವೆ ನಮ್ಮ ಸಮುದಾಯದ ಹೆಸರನ್ನೇ ಹೊತ್ತ ಪ್ರಕರಣವೊಂದು ಬಂದುಹೋಯಿತು. ತೊಂಬತ್ತರ ದಶಕದ ಪತ್ರಿಕೆಗಳನ್ನು ಓದಿದ ಹಿರಿಯರಿಗೆ “ಜೈನ್ ಹವಾಲಾ” ಎಂಬ ಶೀರ್ಷಿಕೆ ನೆನಪಿರಬೇಕು. ಒಂದು ವರ್ತಕ ಮನೆತನದ ಉಪನಾಮ ಇಡೀ ಸಮಾಜದ ಹಣೆಪಟ್ಟಿಯಂತೆ ತೋರಿದಾಗ ನಮಗಾದ ಮುಜುಗರ ಸಹಜವೇ. ಆದರೆ ಆ ಮುಜುಗರದಲ್ಲಿ ನಾವು ಗಮನಿಸದೆ ಬಿಟ್ಟದ್ದು, ಅದು ಕಾನೂನಿಗೆ ಕೊಟ್ಟ ಎರಡು ಕೊಡುಗೆಗಳನ್ನು. 1997ರ ಡಿಸೆಂಬರ್ 18ರ ವಿನೀತ್ ನಾರಾಯಣ್ ತೀರ್ಪು ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದು ವಿಧಿಸಿತು. ಹಿರಿಯ ಅಧಿಕಾರಿಗಳ ತನಿಖೆಗೆ ಸರ್ಕಾರದ ಅನುಮತಿ ಬೇಕೆಂಬ ಅಂದಿನ ಆದೇಶವನ್ನು ತಳ್ಳಿಹಾಕಿತು. ಇನ್ನೊಂದು, 1998ರ ಮಾರ್ಚ್‌ನ ತೀರ್ಪು. ಬಿಡಿ ಹಾಳೆಗಳು ಲೆಕ್ಕಪುಸ್ತಕವಲ್ಲ. ವ್ಯಾಪಾರದ ವಾಡಿಕೆಯಲ್ಲಿ ಕ್ರಮವಾಗಿ ಬರೆದಿಟ್ಟ ಪುಸ್ತಕದ ನಮೂದು ಕೂಡ, ಬೇರೆ ಪುರಾವೆಯಿಲ್ಲದೆ, ತಾನೊಂದೇ ಮತ್ತೊಬ್ಬನನ್ನು ಹೊಣೆಗಾರನನ್ನಾಗಿ ಮಾಡಲಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಖಾತೆ, ರೋಜುವಾರಿ ನೋಡುತ್ತ ಬೆಳೆದ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಬರೆದ ಮಾತ್ರಕ್ಕೆ ನೀವು ಸಾಲಗಾರರಾಗುವುದಿಲ್ಲ. ಸಂಶಯ ಎಷ್ಟೇ ಬಲವಾಗಿರಲಿ, ಪುರಾವೆ ಬೇಕು. ನಾಯಕರ ವಿಷಯದಲ್ಲೂ ಇದೇ ನಿಯಮ.

ವಿಳಂಬದ ಕಥೆಯನ್ನೂ ಹೇಳದಿದ್ದರೆ ಮಾತು ಅಪೂರ್ಣ. ಬೋಫೋರ್ಸ್ ಒಪ್ಪಂದ 1986ರದು. ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು 1999ರಲ್ಲಿ. ಅದರಲ್ಲಿ ಹೆಸರಿದ್ದ ರಾಜೀವ್ ಗಾಂಧಿ 1991ರಲ್ಲೇ ಹತ್ಯೆಗೀಡಾಗಿದ್ದರು. 2004ರಲ್ಲಿ ದೆಹಲಿ ಹೈಕೋರ್ಟ್ ಅವರ ಮೇಲಿನ ಲಂಚದ ಆರೋಪಗಳನ್ನು ವಜಾಗೊಳಿಸಿತು. ಆರೋಪಕ್ಕೆ ಉತ್ತರ ಹೇಳುವ ಅವಕಾಶ ಆ ವ್ಯಕ್ತಿಗೂ ಸಿಗಲಿಲ್ಲ, ಉತ್ತರ ಕೇಳುವ ಅವಕಾಶ ಜನರಿಗೂ ಸಿಗಲಿಲ್ಲ. ಹಾಗೆಯೇ 2015ರ ಮಾರ್ಚ್ 11ರಂದು, ತಾಲಾಬಿರಾ ಕಲ್ಲಿದ್ದಲು ಗಣಿ ಹಂಚಿಕೆಯ ಪ್ರಕರಣದಲ್ಲಿ, ವಿಶೇಷ ನ್ಯಾಯಾಲಯ ಡಾ. ಮನಮೋಹನ್ ಸಿಂಗ್ ಅವರಿಗೆ ಆರೋಪಿಯಾಗಿ ಸಮನ್ಸ್ ನೀಡಿತು. ಮೂರೇ ವಾರಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ವಿಚಾರಣೆ ನಡೆಯದೆಯೇ ಅವರು 2024ರ ಡಿಸೆಂಬರ್ 26ರಂದು ನಿಧನರಾದರು. ನಿರ್ದೋಷಿ ಎಂಬ ತೀರ್ಪು ಪಡೆಯುವುದೂ ಆರೋಪಿಯ ಹಕ್ಕು. ವಿಳಂಬ ಆ ಹಕ್ಕನ್ನೂ ಕಸಿಯುತ್ತದೆ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದಲ್ಲಿ 1974ರಲ್ಲಿ ಫೋರ್ಡ್ ಅವರು ನಿಕ್ಸನ್ನರಿಗೆ ಕ್ಷಮಾದಾನ ನೀಡಿ ಪ್ರಶ್ನೆಯನ್ನೇ ಮುಚ್ಚಿದರು. ಐವತ್ತು ವರ್ಷಗಳ ಬಳಿಕ, 2024ರ ಜುಲೈ 1ರಂದು, ಅಲ್ಲಿನ ಸುಪ್ರೀಂ ಕೋರ್ಟ್ ಟ್ರಂಪ್ ಪ್ರಕರಣದಲ್ಲಿ ಆರು-ಮೂರರ ಬಹುಮತದಿಂದ, ಅಧ್ಯಕ್ಷನ ಮೂಲ ಸಾಂವಿಧಾನಿಕ ಅಧಿಕಾರದ ಕೃತ್ಯಗಳಿಗೆ ಪೂರ್ಣ ರಕ್ಷಣೆ, ಇತರ ಅಧಿಕೃತ ಕೃತ್ಯಗಳಿಗೆ ಕನಿಷ್ಠಪಕ್ಷ ರಕ್ಷಣೆಯ ಪೂರ್ವಭಾವನೆ, ಖಾಸಗಿ ಕೃತ್ಯಗಳಿಗೆ ಯಾವ ರಕ್ಷಣೆಯೂ ಇಲ್ಲ ಎಂದಿತು. ದಕ್ಷಿಣ ಕೊರಿಯಾ 1996ರಲ್ಲಿ ಇಬ್ಬರು ಮಾಜಿ ಅಧ್ಯಕ್ಷರಿಗೆ ಶಿಕ್ಷೆ ವಿಧಿಸಿ, ಮರುವರ್ಷವೇ ಕ್ಷಮಿಸಿತು. ಫ್ರಾನ್ಸಿನಲ್ಲಿ ಮಾಜಿ ಅಧ್ಯಕ್ಷ ಶಿರಾಕ್ ಅವರು 2011ರಲ್ಲಿ ದೋಷಿಯೆನಿಸಿದರು. ಲಿಖಿತ ಕಾನೂನಿನಲ್ಲಿ ನೋಡಿದರೆ, ಅಮೆರಿಕದ ಈ ತೀರ್ಪಿಗಿಂತ ನಮ್ಮ ಸಂವಿಧಾನವೇ ಹೆಚ್ಚು ನೇರ. ಕೊರತೆ ಇರುವುದು ಆಚರಣೆಯಲ್ಲಿ.

ಆಚರಣೆ ಸಾಧ್ಯವೆಂಬುದಕ್ಕೂ ಉದಾಹರಣೆಯಿದೆ. ಚೆನ್ನೈಯ ಬಂಧುಗಳು ಅದನ್ನು ಹತ್ತಿರದಿಂದ ಕಂಡಿದ್ದಾರೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು, ಅವರು ಮುಖ್ಯಮಂತ್ರಿಯಾಗಿದ್ದಾಗಲೇ, ನಿಷ್ಪಕ್ಷಪಾತ ವಿಚಾರಣೆಗಾಗಿ ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನಿಂದ ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹಾ ಅವರು ಶಿಕ್ಷೆ ವಿಧಿಸಿದರು. 2015ರಲ್ಲಿ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರಿಂದ ಶಿಕ್ಷೆ ಜಾರಿಯಾದದ್ದು ಉಳಿದವರ ಮೇಲೆ. ವಿಳಂಬದ ರೋಗ ಇಲ್ಲೂ ಇದ್ದೇ ಇತ್ತು. ಆದರೆ ಅಧಿಕಾರದ ನೆರಳು ಬೀಳದ ಜಾಗದಲ್ಲಿ ವಿಚಾರಣೆ ನಡೆಸುವ ಉಪಾಯ ನಮ್ಮ ವ್ಯವಸ್ಥೆಯೊಳಗೇ ಇದೆ ಎಂಬುದನ್ನು ಅದು ತೋರಿಸಿತು.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊಕದ್ದಮೆಯ ಭಯವಿದ್ದರೆ ನಾಯಕರು ದಿಟ್ಟ ನಿರ್ಧಾರ ಕೈಗೊಳ್ಳಲಾರರು ಎಂಬುದು ಒಂದು. ಇದರಲ್ಲಿ ಸತ್ಯವಿದೆ. ಸದುದ್ದೇಶದಿಂದ ಕೈಗೊಂಡ ನೀತಿ ವಿಫಲವಾದರೆ ಅದಕ್ಕೆ ಚುನಾವಣೆಯೇ ಶಿಕ್ಷೆ. ಲಂಚ, ವಂಚನೆ, ಸುಳ್ಳುದಾಖಲೆ, ಅಕ್ರಮ ಬಂಧನಗಳು ನೀತಿಗಳಲ್ಲ, ಅವು ಅಪರಾಧಗಳು. ಹಿರಿಯ ನಾಯಕರನ್ನು ಕ್ಷಮಿಸಿ ಮುಂದೆ ಸಾಗೋಣ ಎಂಬುದು ಎರಡನೆಯದು. ಕ್ಷಮಾವಣಿಯನ್ನು ಆಚರಿಸುವ ನಮಗೆ ಈ ಮಾತು ಇಂಪಾಗಿ ಕೇಳುತ್ತದೆ. ಆದರೆ ಕ್ಷಮೆ ಕೇಳುವವನು ಮೊದಲು ತನ್ನ ದೋಷವನ್ನು ಒಪ್ಪಬೇಕು, ಕ್ಷಮಿಸುವವನು ನೊಂದವನಾಗಿರಬೇಕು. ಬೇರೆಯವರ ನೋವನ್ನು ಅವರ ಪರವಾಗಿ ಮನ್ನಿಸುವ ಹಕ್ಕು ನನಗೂ ಇಲ್ಲ, ಸರ್ಕಾರಕ್ಕೂ ಇಲ್ಲ.

ಹಾಗಾದರೆ ಮಾನದಂಡ ಯಾವುದು? ನಾನು ನಾಲ್ಕು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಆರೋಪ ನಿರ್ದಿಷ್ಟ ಕೃತ್ಯದ ಮೇಲಿದೆಯೇ, ಇಲ್ಲವೇ ನಾಯಕನ ಮೇಲಿನ ಒಟ್ಟಾರೆ ಅಸಮಾಧಾನವೇ ಆರೋಪವಾಗಿದೆಯೇ? ಅನುಮತಿ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಸ್ವತಂತ್ರ ಸಂಸ್ಥೆಯಲ್ಲಿದೆಯೇ, ಅದು ಕಾರಣಗಳನ್ನು ಬರೆದು ತಿಳಿಸುತ್ತದೆಯೇ? ವಿಚಾರಣೆ ಆರೋಪಿಯ ಮಿತ್ರರಿಂದಲೂ ಶತ್ರುಗಳಿಂದಲೂ ದೂರವಿರುವ ನ್ಯಾಯಾಲಯದಲ್ಲಿ, ಆರೋಪಿ ಬದುಕಿರುವಾಗಲೇ ಮುಗಿಯುವ ವೇಗದಲ್ಲಿ ನಡೆಯುತ್ತಿದೆಯೇ? ಇದೇ ಸಾಕ್ಷ್ಯ ನನ್ನ ಮೆಚ್ಚಿನ ನಾಯಕನ ವಿರುದ್ಧ ಇದ್ದಿದ್ದರೂ ನಾನು ಇದೇ ಮಾತು ಆಡುತ್ತಿದ್ದೆನೇ?

ಮೊದಲ ಮೂರಕ್ಕೆ ಸಂಸತ್ತು ಮತ್ತು ನ್ಯಾಯಾಲಯಗಳು ಉತ್ತರ ಕೊಡಬೇಕು. 2018ರ ತಿದ್ದುಪಡಿ ಸರ್ಕಾರಕ್ಕೆ ಒಪ್ಪಿಸಿದ ಅನುಮತಿಯ ಅಧಿಕಾರವನ್ನು, ಕನಿಷ್ಠಪಕ್ಷ ಮಾಜಿ ಪ್ರಧಾನಿ, ಮಾಜಿ ಮುಖ್ಯಮಂತ್ರಿಗಳ ವಿಷಯದಲ್ಲಾದರೂ, ಲೋಕಪಾಲ ಮತ್ತು ಲೋಕಾಯುಕ್ತರಿಗೆ ವಹಿಸಬೇಕೆಂದು ನಾವು ನಮ್ಮ ಸಂಸದರನ್ನು ಕೇಳಬಹುದು. ಪುಣೆಯಲ್ಲಿದ್ದರೂ, ಹೈದರಾಬಾದಿನಲ್ಲಿದ್ದರೂ, ದೆಹಲಿಯಲ್ಲಿದ್ದರೂ ನಾವು ಅಲ್ಲಿಯ ಮತದಾರರು. ನಾಲ್ಕನೆಯ ಪ್ರಶ್ನೆಗೆ ಮಾತ್ರ ಬೇರೆ ಯಾರೂ ಉತ್ತರ ಕೊಡಲಾರರು. ನಾಳೆ ಬೆಳಿಗ್ಗೆ ಮೊಬೈಲಿನಲ್ಲಿ ಯಾರದೋ ಬಂಧನದ ಸುದ್ದಿ ಬಂದಾಗ, ಅದನ್ನು ಹತ್ತು ಜನರಿಗೆ ರವಾನಿಸುವ ಮುನ್ನ, ಅದನ್ನು ಒಮ್ಮೆ ನಮ್ಮನ್ನು ನಾವೇ ಕೇಳಿಕೊಳ್ಳೋಣ.